ಹೊರೇಷಿಯೊ ಬಾಟಮ್ಲಿಯ ಕಿರ್ದಿ ಖತಾವಣಿ

ಪತ್ತಿನ ಸಹಕಾರಿ ಸಂಘಗಳ ಲೆಕ್ಕ ತಪಾಸಣೆ ನನ್ನ ಉದ್ಯೋಗ. ಬೆಳಗಾವಿ ಜಿಲ್ಲೆಯಲ್ಲಿ ಈ ಉದ್ಯೋಗ ಹಿಡಿದವನಿಗೆ ಕೆಲಸದ ಕೊರತೆ ಎಂದೂ ಬರುವುದಿಲ್ಲ; ಓಣಿಗೊಂದು ಸೊಸಾಯಿಟಿ, ಅದರ ಮಗ್ಗುಲಲ್ಲಿ ಇನ್ನೊಂದು ಸೊಸಾಯಿಟಿ ಇರುವ ಸೀಮೆ ನಮ್ಮದು. ಮುಳುಗಿದ ಸಂಘಗಳ ಕಾಗದಪತ್ರಗಳನ್ನು ತಿರುವಿ ಹಾಕುವ ಕೆಲಸದ ಜೊತೆಗೇ, ಬೇರೆ ದೇಶದ, ಬೇರೆ ಕಾಲದ ಅಫರಾತಫರಿಗಳ ಕಥೆಗಳನ್ನು ಹುಡುಕಿ ಓದುವ ಚಾಳಿಯೂ ನನಗೆ ಅಂಟಿಕೊಂಡಿದೆ. ಆ ಓದಿನಲ್ಲಿ ಎದುರಾದವರ ಪೈಕಿ ಹೊರೇಷಿಯೊ ಬಾಟಮ್ಲಿಯಷ್ಟು ನನ್ನನ್ನು ಹಿಡಿದು ಕೂರಿಸಿದವನು ಮತ್ತೊಬ್ಬನಿಲ್ಲ. ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯ, ಲಕ್ಷಗಟ್ಟಲೆ ಪ್ರತಿ ಮಾರಾಟವಾಗುತ್ತಿದ್ದ ವಾರಪತ್ರಿಕೆಯ ಒಡೆಯ, ಮಾತಿನ ಮಲ್ಲ. 1922ರಲ್ಲಿ ಏಳು ವರ್ಷಗಳ ಕಠಿಣ ಸೆರೆವಾಸಕ್ಕೆ ಗುರಿಯಾಗಿ ಸದನದಿಂದ ಉಚ್ಚಾಟನೆಗೊಂಡವನು. ಇವನ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಷಾಂಪೇನು, ರೇಸಿನ ಕುದುರೆ, ಪ್ರೇಯಸಿಯರ ಕಥೆಗಳನ್ನು ಹೇಳಿ ಓದುಗರನ್ನು ನಗಿಸುತ್ತಾರೆ. ನನ್ನ ಕಣ್ಣು ಮಾತ್ರ ಉದ್ಯೋಗದ ಗುಣದಿಂದ ಅವನ ಲೆಕ್ಕದ ಪುಸ್ತಕಗಳ ಮೇಲೆಯೇ, ಅಂದರೆ ಅವನು ಬರೆಸದೇ ಬಿಟ್ಟ ಕಿರ್ದಿ ಖತಾವಣಿಗಳ ಮೇಲೆಯೇ ಹೋಗಿ ನಿಲ್ಲುತ್ತದೆ.

ಬಾಟಮ್ಲಿ ಹುಟ್ಟಿದ್ದು 1860ರ ಮಾರ್ಚ್ 23ರಂದು, ಲಂಡನ್ನಿನ ಪೂರ್ವಭಾಗದ ಬೆತ್ನಲ್ ಗ್ರೀನ್ ಎಂಬ ಬಡವರ ಪೇಟೆಯಲ್ಲಿ. ತಂದೆ ದರ್ಜಿಯ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸದವನು. ತಾಯಿ ಎಲಿಜಬೆತ್, ಜಾರ್ಜ್ ಜೇಕಬ್ ಹೋಲಿಯೋಕ್ ಅವರ ತಂಗಿ. ಸಹಕಾರ ಇಲಾಖೆಯ ತರಬೇತಿಯಲ್ಲಿ ಕುಳಿತವರೆಲ್ಲರಿಗೂ ರಾಚ್‌ಡೇಲ್ ಎಂಬ ಊರಿನ ಹೆಸರು ಬಾಯಿಪಾಠವಾಗಿರುತ್ತದೆ. 1844ರಲ್ಲಿ ಅಲ್ಲಿಯ ನೇಕಾರರು ಮತ್ತು ಕುಶಲಕರ್ಮಿಗಳು ಕೂಡಿ ಅಂಗಡಿ ತೆರೆದ ಘಟನೆಯಿಂದಲೇ ನಮ್ಮ ಸಹಕಾರ ಚಳವಳಿಯ ಇತಿಹಾಸ ಶುರುವಾಗುತ್ತದೆ. ಆ ರಾಚ್‌ಡೇಲಿನವರ ಚರಿತ್ರೆಯನ್ನು ಬರೆದು ಜಗತ್ತಿಗೆಲ್ಲ ಸಾರಿದವರು ಇದೇ ಹೋಲಿಯೋಕ್. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ನಮ್ಮ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗ ಅವರ ಬೆನ್ನಿಗಿದ್ದ ವಿಚಾರದ ಒಂದು ಬೇರು ಹೋಲಿಯೋಕ್ ಅವರಂಥವರ ಬರವಣಿಗೆಯಲ್ಲಿತ್ತು. ಬಡವರು ರೊಕ್ಕ ಕೂಡಿಸಿಟ್ಟರೆ ಅದೇ ಒಂದು ಬಲವಾಗುತ್ತದೆ ಎಂಬ ಸೋದರಮಾವನ ಮಾತನ್ನು ಅಳಿಯ ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಂಡ ಎನ್ನಬೇಕು.

ಎಳೆಯ ವಯಸ್ಸಿನಲ್ಲಿಯೇ ತಂದೆ ತಾಯಿಗಳನ್ನು ಕಳೆದುಕೊಂಡ ಹುಡುಗ ಬರ್ಮಿಂಗ್‌ಹ್ಯಾಮ್ ಬಳಿಯ ಎರ್ಡಿಂಗ್ಟನ್ನಿನಲ್ಲಿದ್ದ ಜೋಸಾಯ ಮೇಸನ್ನನ ಅನಾಥಾಲಯ ಸೇರಿದ. ಅಲ್ಲಿಂದ ಹೊರಬಿದ್ದ ಮೇಲೆ ಚಿಕ್ಕಪುಟ್ಟ ನೌಕರಿಗಳನ್ನು ದಾಟಿ ವಕೀಲರ ಕಚೇರಿಯಲ್ಲಿ ಗುಮಾಸ್ತನಾದ, ಆಮೇಲೆ ಕೋರ್ಟಿನ ಶೀಘ್ರಲಿಪಿಗಾರನಾದ. ಅವನ ನಿಜವಾದ ಪಾಠಶಾಲೆ ಅದೇ. ದಿನಗಟ್ಟಲೆ ಕೋರ್ಟಿನಲ್ಲಿ ಕುಳಿತು, ಯಾವ ವಕೀಲ ಯಾವ ಸಾಕ್ಷಿಯನ್ನು ಹೇಗೆ ಬೀಳಿಸುತ್ತಾನೆ, ಜ್ಯೂರಿಯವರ ಮುಖ ಯಾವ ಮಾತಿಗೆ ಅರಳುತ್ತದೆ ಎಂಬುದನ್ನು ಅಕ್ಷರಕ್ಕಕ್ಷರ ಬರೆದುಕೊಂಡವನು ಕಾನೂನನ್ನು ಮಾತ್ರ ಕಲಿಯಲಿಲ್ಲ, ಕಾನೂನಿನ ನಾಟಕವನ್ನೂ ಕಲಿತ. ತಾನು ಚಾರ್ಲ್ಸ್ ಬ್ರಾಡ್ಲಾ ಅವರ ಮಗನಿರಬಹುದು ಎಂಬ ಗಾಳಿಮಾತನ್ನು ಅವನು ಅಲ್ಲಗಳೆಯುವ ಗೋಜಿಗೂ ಹೋಗಲಿಲ್ಲ. 1889ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದು, ಭಾರತದ ಪರವಾಗಿ ಪಾರ್ಲಿಮೆಂಟಿನಲ್ಲಿ ದನಿ ಎತ್ತಿದ ಬ್ರಾಡ್ಲಾ ಅವರ ಹೆಸರು ಜೊತೆಗೆ ಅಂಟಿಕೊಂಡರೆ ನಷ್ಟವೇನಿದೆ ಎಂಬ ಲೆಕ್ಕಾಚಾರವಿರಬೇಕು.

1888ರಲ್ಲಿ ಶುರುವಾದ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯ ಮೊದಲ ಅಧ್ಯಕ್ಷ ಈ ಬಾಟಮ್ಲಿ ಎಂದರೆ ಈಗ ಯಾರೂ ನಂಬಲಿಕ್ಕಿಲ್ಲ. ಮರುವರ್ಷ, ಪಾರ್ಲಿಮೆಂಟಿನ ಚರ್ಚೆಗಳ ವರದಿಯನ್ನು ಮುದ್ರಿಸುವ ಗುತ್ತಿಗೆಯ ಆಸೆ ತೋರಿಸಿ ಹ್ಯಾನ್ಸರ್ಡ್ ಯೂನಿಯನ್ ಎಂಬ ಕಂಪನಿಯನ್ನು 5 ಲಕ್ಷ ಪೌಂಡುಗಳ ಬಂಡವಾಳದೊಂದಿಗೆ ತೇಲಿಬಿಟ್ಟ. ಒಳಗಿನ ಕೆಲಸ ಸರಳವಾಗಿತ್ತು. ಸಣ್ಣ ಸಣ್ಣ ಮುದ್ರಣಾಲಯಗಳನ್ನು ತನ್ನ ಕಡೆಯವರ ಹೆಸರಿನಲ್ಲಿ ಕೊಳ್ಳುವುದು, ಅವನ್ನೇ ಹೆಚ್ಚಿನ ಬೆಲೆಗೆ ತನ್ನ ಕಂಪನಿಗೆ ಮಾರುವುದು, ನಡುವಿನ ಅಂತರವನ್ನು ಕಿಸೆಗೆ ಹಾಕಿಕೊಳ್ಳುವುದು. ಸಂಘಕ್ಕೆ ಸ್ವಂತ ಕಟ್ಟಡ ಬೇಕೆಂದು ಠರಾವು ಮಾಡಿ, ಚೇರ್ಮನ್ನರ ಭಾವಮೈದುನನ ಜಾಗವನ್ನೇ ದುಪ್ಪಟ್ಟು ದರಕ್ಕೆ ಖರೀದಿಸುವ ಆಡಳಿತ ಮಂಡಳಿಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1891ರಲ್ಲಿ ಕಂಪನಿ ದಿವಾಳಿಯಾಯಿತು. ಲಂಡನ್ನಿನ ಮಾಜಿ ಮೇಯರ್ ಸರ್ ಹೆನ್ರಿ ಐಸಾಕ್ಸ್ ಸಹಿತ ನಾಲ್ವರ ಮೇಲೆ ವಂಚನೆಯ ಸಂಚಿನ ಆರೋಪ ಬಂದು, 1893ರಲ್ಲಿ ವಿಚಾರಣೆ ನಡೆಯಿತು. ಬಾಟಮ್ಲಿ ವಕೀಲನನ್ನು ಇಡದೆ ತಾನೇ ವಾದಿಸಿದ. ಬೇರೆಯವರ ಹೆಸರಿನಲ್ಲಿ ಕೊಳ್ಳುವುದೂ ನಡುವೆ ಕಮಿಷನ್ ತಿನ್ನುವುದೂ ಪೇಟೆಯಲ್ಲಿ ಎಲ್ಲರೂ ಮಾಡುವ ವಾಡಿಕೆ ಎಂದು ತೋರಿಸಿಕೊಟ್ಟ. ಎಲ್ಲರೂ ಖುಲಾಸೆಯಾದರು.

ನನ್ನ ಮಟ್ಟಿಗೆ ಅವನ ಅಧೋಗತಿ ಆರಂಭವಾದದ್ದು ಶಿಕ್ಷೆಯಾದ ದಿನವಲ್ಲ, ಈ ಖುಲಾಸೆಯ ದಿನ. ಸೋತ ಕಂಪನಿಯ ಅಧ್ಯಕ್ಷನಾಗಿ ಕೋರ್ಟಿನೊಳಗೆ ಹೋದವನು ಗೆದ್ದ ವಾಗ್ಮಿಯಾಗಿ ಹೊರಬಂದ. ಲೆಕ್ಕ ತಪ್ಪಿದ್ದರೂ ನಡೆಯುತ್ತದೆ, ಮಾತು ತಪ್ಪದಿದ್ದರೆ ಸಾಕು ಎಂಬುದನ್ನು ದೇಶದ ಅತಿ ದೊಡ್ಡ ನ್ಯಾಯಾಲಯವೊಂದು ಅವನಿಗೆ ಮನದಟ್ಟು ಮಾಡಿಕೊಟ್ಟಿತು.

ಮುಂದಿನ ವರ್ಷಗಳಲ್ಲಿ ಪಶ್ಚಿಮ ಆಸ್ಟ್ರೇಲಿಯದ ಚಿನ್ನದ ಗಣಿಗಳ ಹೆಸರಿನಲ್ಲಿ ಒಂದರ ಮೇಲೊಂದು ಕಂಪನಿ ಹುಟ್ಟಿಸಿದ. ಒಂದು ಕಂಪನಿ ಮುಳುಗುವಂತಾದರೆ ಅದನ್ನು ನುಂಗುವ ಹೊಸ ಕಂಪನಿ; ಹಳೆಯ ಶೇರುದಾರರು ಇನ್ನಷ್ಟು ಹಣ ತುಂಬಿದರೆ ಹೊಸ ಕಂಪನಿಯ ಶೇರು. ಬಾಕಿ ಬಿದ್ದ ಸಾಲವನ್ನು ಮಾರ್ಚ್ ಕೊನೆಯ ವಾರದಲ್ಲಿ ಹೊಸ ಸಾಲವೆಂದು ಬರೆದು, ಅಢಾವೆ ಪತ್ರಿಕೆಯಲ್ಲಿ, ಅಂದರೆ ಆಸ್ತಿ ಸಾಲಗಳ ತಖ್ತೆಯಲ್ಲಿ, ಸುಸ್ತಿಯೇ (ವಾಯಿದೆ ಮೀರಿದ ಬಾಕಿಯೇ) ಇಲ್ಲವೆಂದು ತೋರಿಸುವ ಪದ್ಧತಿ ನಮ್ಮ ಕಡೆಯಲ್ಲೂ ಇದೆ. ಕಾರ್ಯದರ್ಶಿಗಳು ಇದನ್ನು 'ಹಳೇದು ಹೊಸಾದು ಮಾಡೋದು' ಎನ್ನುತ್ತಾರೆ. ಬಾಟಮ್ಲಿ ಮಾಡಿದ್ದೂ ಅದನ್ನೇ, ದೊಡ್ಡ ಪ್ರಮಾಣದಲ್ಲಿ. ಸಸೆಕ್ಸಿನ ಅಪ್ಪರ್ ಡಿಕರ್ ಎಂಬ ಹಳ್ಳಿಯಲ್ಲಿ ದೊಡ್ಡ ಬಂಗಲೆ ಎದ್ದಿತು, ಅವನ ಕುದುರೆಗಳು ದೊಡ್ಡ ರೇಸುಗಳನ್ನು ಗೆದ್ದವು. ಅದೇ ವೇಳೆಗೆ, 1901ರಿಂದ 1905ರವರೆಗೆ, ದಿವಾಳಿ ಅರ್ಜಿಗಳು ಮತ್ತು ದಾವೆಗಳು ಸೇರಿ ಅವನ ವಿರುದ್ಧ 67 ದಾಖಲಾದವು. ಆದರೂ ಯಾವುದೂ ಅವನನ್ನು ಕೆಡವಲಿಲ್ಲ, ಏಕೆಂದರೆ ಕೋರ್ಟಿನ ಮೆಟ್ಟಿಲು ಹತ್ತುವಷ್ಟು ಗಟ್ಟಿಗರ ಜೊತೆ ಅವನು ರಾಜಿ ಮಾಡಿಕೊಳ್ಳುತ್ತಿದ್ದ. ಗದ್ದಲ ಮಾಡಿದವನಿಗೆ ರೊಕ್ಕ ಸಿಗುತ್ತಿತ್ತು; ಸುಮ್ಮನಿದ್ದವನಿಗೆ ಭಾಷಣ ಸಿಗುತ್ತಿತ್ತು. ಶೇರುದಾರರ ಸಭೆಗೆ ಬಯ್ಯಲೆಂದೇ ಬಂದವರು ಚಪ್ಪಾಳೆ ತಟ್ಟಿ ಹೋದ ಪ್ರಸಂಗಗಳಂತೂ ಅವನ ಜೀವನದುದ್ದಕ್ಕೂ ಇವೆ.

ಇದನ್ನು ಓದುವಾಗ ನನಗೆ ಕೆಲವು ವರ್ಷಗಳ ಹಿಂದೆ ವಡಗಾವಿಯ ಕಡೆಯ, ಈಗ ಬಾಗಿಲು ಹಾಕಿರುವ ಒಂದು ಸಂಘದ ಕಚೇರಿ ನೆನಪಾಗುತ್ತದೆ. ತಪಾಸಣೆಗೆ ಕುಳಿತಿದ್ದಾಗ ಪವರ್‌ಲೂಮ್ ಕಾರ್ಮಿಕನ ಹೆಂಡತಿಯೊಬ್ಬಳು ಪಿಗ್ಮಿ ಪಾಸ್‌ಬುಕ್ ಹಿಡಿದು ಬಂದಳು. ಅಂಚು ಸವೆದು, ಅರಿಸಿನದ ಕಲೆಯಾದ ಪುಸ್ತಕ. ಒಳಗೆ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ ಏಜೆಂಟನ ಗೀಚು ಸಹಿಗಳ ಸಾಲು. ನನ್ನ ಮುಂದಿದ್ದ ಖತಾವಣಿಯಲ್ಲಿ ಆ ಖಾತೆಯ ಪುಟವೇ ಇರಲಿಲ್ಲ. ಅವಳು ನನ್ನನ್ನು ಕೇಳಿದ್ದು ಹಣದ ಬಗ್ಗೆ ಅಲ್ಲ. 'ಸರ್, ಚೇರ್ಮನ್ ಸಾಹೇಬ್ರು ಬಾಳ ಚಲೋ ಮನಷ್ಯಾರ್ರೀ, ನಮ್ಮ ಮಗಳ ಲಗ್ನಕ್ಕ ಬಂದಿದ್ರು. ಅವರಿಗೇನೂ ತ್ರಾಸ ಆಗಬಾರದ ನೋಡ್ರೀ' ಎಂದಳು. ಅದೇ ಕಚೇರಿಯಲ್ಲಿ, ಮೇಜು ಕುಟ್ಟಿ ಕೂಗಾಡಿದ ಒಬ್ಬ ಗುತ್ತಿಗೆದಾರನ ಮುದ್ದತಿ ಠೇವಣಿ ಬಡ್ಡಿಯ ಸಮೇತ ಸಂದಾಯವಾದ ವೋಚರ್ ನನ್ನ ಕೈಯಲ್ಲಿತ್ತು. ಬಾಟಮ್ಲಿಯ ಠೇವಣಿದಾರರನ್ನು ನಾನು ಆ ಹೆಣ್ಣುಮಗಳ ಮುಖದಿಂದಲೇ ಗುರುತಿಸುತ್ತೇನೆ.

1906ರಲ್ಲಿ ಅವನು ಹ್ಯಾಕ್ನಿ ದಕ್ಷಿಣ ಕ್ಷೇತ್ರದಿಂದ ಲಿಬರಲ್ ಪಕ್ಷದ ಸದಸ್ಯನಾಗಿ ಸಂಸತ್ತಿಗೆ ಆರಿಸಿ ಬಂದ. ಅದೇ ವರ್ಷ 'ಜಾನ್ ಬುಲ್' ವಾರಪತ್ರಿಕೆಯನ್ನು ಆರಂಭಿಸಿದ. ಸಾಮಾನ್ಯ ಮನುಷ್ಯನ ಪರವಾಗಿ ದೊಡ್ಡವರನ್ನು ಬೈಯುವುದು ಆ ಪತ್ರಿಕೆಯ ಧರ್ಮ. ಬಾಡಿಗೆ ಮನೆಯ ಜಗಳ, ಪಿಂಚಣಿಯ ತಕರಾರು, ಮೋಸದ ವ್ಯಾಪಾರಿಗಳ ಬಣ್ಣ ಬಯಲು, ಬಹುಮಾನದ ಸ್ಪರ್ಧೆಗಳು ಎಲ್ಲವೂ ಅದರಲ್ಲಿದ್ದವು, ಮತ್ತು ಬಡ ಓದುಗನಿಗೆ ಅದರಿಂದ ಎಷ್ಟೋ ಸಲ ನಿಜವಾದ ಉಪಕಾರವೂ ಆಗುತ್ತಿತ್ತು. ಇದನ್ನು ಮುಚ್ಚಿಟ್ಟು ಅವನ ಕಥೆ ಹೇಳಿದರೆ ಜನ ಅವನನ್ನು ಯಾಕೆ ನಂಬಿದರು ಎಂಬುದೇ ತಿಳಿಯುವುದಿಲ್ಲ. ಸಂಸತ್ತಿನಲ್ಲಿಯೂ ಅವನು ದಡ್ಡನಾಗಿರಲಿಲ್ಲ. ಮಾತಿಗೆ ನಿಂತರೆ ಸಭೆ ತುಂಬುತ್ತಿತ್ತು. 1908ರ ಕೊನೆಯಲ್ಲಿ ಅವನ ಇನ್ನೊಂದು ಕಂಪನಿಯ ಶೇರುಗಳ ಬಗ್ಗೆ ಮೊಕದ್ದಮೆ ನಡೆದಾಗ ಬೇಕಾದ ಪುಸ್ತಕಗಳೇ ಸಿಗಲಿಲ್ಲ, 1909ರಲ್ಲಿ ಆ ಪ್ರಕರಣ ವಜಾ ಆಯಿತು. ಪುಸ್ತಕ ಸಿಗದಿದ್ದರೆ ತಪ್ಪು ಸಾಬೀತಾಗುವುದಿಲ್ಲ ಎಂಬ ಎರಡನೆಯ ಪಾಠವೂ ಅವನಿಗೆ ಹೀಗೆ ಸಿಕ್ಕಿತು.

1912ರಲ್ಲಿ, ಹಿಂದೆ ಮೋಸಹೋದವರೊಬ್ಬರ ವಾರಸುದಾರರು ಹೂಡಿದ ದಾವೆಯಲ್ಲಿ ಸೋತು, ಹಣ ಕಟ್ಟಲಾರದೆ ದಿವಾಳಿ ಎಂದು ಘೋಷಿತನಾದ. 2 ಲಕ್ಷ ಪೌಂಡುಗಳಿಗೂ ಮಿಕ್ಕಿದ ಸಾಲ ಅವನ ತಲೆಯ ಮೇಲಿತ್ತು. ದಿವಾಳಿಯಾದವನು ಸದಸ್ಯನಾಗಿರುವಂತಿಲ್ಲವಾದ್ದರಿಂದ ಸ್ಥಾನ ಬಿಡಬೇಕಾಯಿತು. ಬಂಗಲೆ, ಕುದುರೆ, ಪೀಠೋಪಕರಣ ಎಲ್ಲವೂ ಆಗಲೇ ಬೇರೆಯವರ ಹೆಸರಿನಲ್ಲಿದ್ದವು. ಬೇನಾಮಿ ಎಂಬ ಪದ್ಧತಿಯನ್ನು ಬ್ರಿಟಿಷರು ನಮ್ಮ ದೇಶದ ರೋಗವೆಂದು ಬರೆದಿಟ್ಟಿದ್ದಾರೆ. ಲಂಡನ್ನಿನಲ್ಲಿ ಅದಕ್ಕೊಂದು ಸಭ್ಯ ಹೆಸರಿತ್ತು, ಅಷ್ಟೇ.

ಆ ದಿನಗಳಲ್ಲಿ ಬ್ರಿಟನ್ನಿನಲ್ಲಿ ಲಾಟರಿ ನಿಷಿದ್ಧವಾಗಿದ್ದುದರಿಂದ ಕುದುರೆ ರೇಸಿನ ಲಾಟರಿಗಳನ್ನು ಅವನು ಸ್ವಿಟ್ಜರ್ಲೆಂಡಿನಿಂದ ನಡೆಸಿದ. ಒಮ್ಮೆ 25,000 ಪೌಂಡುಗಳ ಬಹುಮಾನ ಫ್ರಾನ್ಸಿನ ತುಲೂಸ್ ನಗರದ ಕುರುಡಿ ವಿಧವೆಯೊಬ್ಬಳಿಗೆ ಬಂದಿತೆಂದು ಪ್ರಕಟವಾಯಿತು. ಅವಳು ಬಾಟಮ್ಲಿಯ ಸಹಚರನೊಬ್ಬನ ನಾದಿನಿ. ಅವಳ ಕೈ ಸೇರಿದ್ದು 250 ಪೌಂಡು, ಉಳಿದ 24,750 ಪೌಂಡು ಬಾಟಮ್ಲಿಯ ಹತೋಟಿಯ ಖಾತೆಗೆ ಜಮೆಯಾಯಿತು. ಇಂಥ ಬರಹಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ನಮೂದು ಇದು. ವಿಜೇತರನ್ನು ಆಯ್ಕೆ ಮಾಡುವಾಗ ಕುರುಡಿ, ವಿಧವೆ, ಪರದೇಶಿ ಎಂದು ಮೂರು ಮೂರು ಬಗೆಯಲ್ಲಿ ಸಹಾನುಭೂತಿ ತುಂಬಿದ ಕೈಗೆ ಕಥೆ ಕಟ್ಟುವ ಕಲೆ ಚೆನ್ನಾಗಿ ಒಲಿದಿತ್ತು.

ಇಂಥವನನ್ನು ಮೊದಲ ಮಹಾಯುದ್ಧ ಮೇಲೆತ್ತಿತು. ಯುದ್ಧ ಶುರುವಾಗುವ ಹೊಸ್ತಿಲಲ್ಲಿ ಅವನ ಪತ್ರಿಕೆ 'ಸರ್ಬಿಯಾ ನರಕಕ್ಕೆ ಹೋಗಲಿ' ಎಂದು ಬರೆದಿತ್ತು. ಬ್ರಿಟನ್ ರಣಕ್ಕಿಳಿದದ್ದೇ ತಡ, ಅದೇ ಪತ್ರಿಕೆ ದೇಶಭಕ್ತಿಯ ಕಹಳೆ ಊದತೊಡಗಿತು. 1914ರ ಸೆಪ್ಟೆಂಬರಿನಲ್ಲಿ ಲಂಡನ್ ಆಪೆರಾ ಹೌಸಿನಲ್ಲಿ ಸೇರಿದ ಭಾರೀ ಸಭೆಯಿಂದ ತೊಡಗಿ, ಯುದ್ಧ ಮುಗಿಯುವುದರೊಳಗೆ ಅವನು ಮುನ್ನೂರಕ್ಕೂ ಹೆಚ್ಚು ಭಾಷಣ ಮಾಡಿದ. ಸೈನ್ಯದ ಭರ್ತಿ ಸಭೆಗಳಿಗೆ ಸಂಭಾವನೆ ಇಲ್ಲ, ಆದರೆ 'ದೇಶಭಕ್ತಿಯ ಉಪನ್ಯಾಸ'ಗಳ ಟಿಕೆಟ್ ಹಣದಲ್ಲಿ ದೊಡ್ಡ ಪಾಲು. ವಸೂಲಿ ಚೆನ್ನಾಗಿದ್ದ ದಿನ ಭಾಷಣದ ಕೊನೆಯಲ್ಲಿ ಏಸುವಿನ ಹೆಸರೂ ಬರುತ್ತಿತ್ತು, ಕಡಿಮೆಯಾದ ದಿನ ಬರುತ್ತಿರಲಿಲ್ಲ ಎಂದು ಅವನ ಜೊತೆಯವರು ಹೇಳಿಕೊಂಡು ನಗುತ್ತಿದ್ದರಂತೆ. ಜರ್ಮನ್ ಹೆಸರಿನವರ ಮೇಲೆ ಜನರನ್ನು ಎತ್ತಿಕಟ್ಟಿದ್ದು, ಯುದ್ಧ ವಿರೋಧಿಯಾಗಿದ್ದ ಲೇಬರ್ ಪಕ್ಷದ ಮುಂದಾಳು ರಾಮ್ಸೆ ಮ್ಯಾಕ್‌ಡೊನಾಲ್ಡ್ ವಿವಾಹದ ಹೊರಗೆ ಹುಟ್ಟಿದವರೆಂದು ತೋರಿಸಲು 1915ರಲ್ಲಿ ಅವರ ಜನನ ಪ್ರಮಾಣಪತ್ರವನ್ನೇ ಅಚ್ಚು ಹಾಕಿಸಿದ್ದು, ಇವೆಲ್ಲ ಅವನ ಜೀವನದ ಅತ್ಯಂತ ಹೊಲಸು ಪುಟಗಳು. ಠೇವಣಿ ನುಂಗಿದ್ದಕ್ಕಿಂತ ಇದೇ ದೊಡ್ಡ ಪಾಪವೆಂದು ನನಗೆ ಕೆಲವೊಮ್ಮೆ ಅನಿಸುತ್ತದೆ, ಆದರೆ ಇದಕ್ಕೆ ಯಾವ ಕಲಮಿನಲ್ಲೂ ಶಿಕ್ಷೆಯಿರಲಿಲ್ಲ. ಅವನು ಅಲ್ಲಿ ಹುಡುಗರನ್ನು ರಣರಂಗಕ್ಕೆ ಹುರಿದುಂಬಿಸಿ ಕಳಿಸುತ್ತಿದ್ದಾಗಲೇ ಇಲ್ಲಿಯ ಮರಾಠಾ ಪಲ್ಟಣಗಳ ಸಿಪಾಯಿಗಳು ಮೆಸಪೊಟೇಮಿಯದ ಕೂಟ್ ಎಂಬ ಊರಿನಲ್ಲಿ ಮುತ್ತಿಗೆಗೆ ಸಿಕ್ಕು ಹಸಿವಿನಿಂದ ಸಾಯುತ್ತಿದ್ದರು. 1916ರ ಏಪ್ರಿಲಿನಲ್ಲಿ ಕೂಟ್ ಶರಣಾಯಿತು; ಅದೇ ತಿಂಗಳು ಬೆಳಗಾವಿಯಲ್ಲಿ ಸೇರಿದ ಸಮ್ಮೇಳನದಲ್ಲಿ ತಿಲಕರು ಹೋಮ್ ರೂಲ್ ಲೀಗನ್ನು ಸ್ಥಾಪಿಸಿದರು. ಬಾಟಮ್ಲಿಯ ಸಾಮ್ರಾಜ್ಯದ ಭಾಷಣಗಳಲ್ಲಿ ಈ ಎರಡಕ್ಕೂ ಹೆಚ್ಚಿನ ಜಾಗವಿದ್ದಿರಲಾರದು.

ಯುದ್ಧ ಮುಗಿದಾಗ ಅವನ ಕೀರ್ತಿ ನೆತ್ತಿಗೇರಿತ್ತು. ಸಾಲಗಾರರೊಡನೆ ಹೇಗೋ ಇತ್ಯರ್ಥ ಮಾಡಿಕೊಂಡು ದಿವಾಳಿಯಿಂದ ಬಿಡುಗಡೆ ಪಡೆದು, 1918ರ ಡಿಸೆಂಬರಿನಲ್ಲಿ ಅದೇ ಹ್ಯಾಕ್ನಿ ಕ್ಷೇತ್ರದಿಂದ ಸ್ವತಂತ್ರ ಅಭ್ಯರ್ಥಿಯಾಗಿ ಭಾರೀ ಬಹುಮತದಿಂದ ಗೆದ್ದ. ಮರುವರ್ಷ ಸರ್ಕಾರ ಯುದ್ಧದ ಸಾಲ ತೀರಿಸಲು ವಿಕ್ಟರಿ ಬಾಂಡುಗಳನ್ನು ಹೊರತಂದಿತು. ಅತಿ ಚಿಕ್ಕ ಬಾಂಡು 5 ಪೌಂಡಿನದು, ಕೊಳ್ಳುವ ಬೆಲೆ 4 ಪೌಂಡು 5 ಶಿಲಿಂಗ್. ಕೂಲಿಯವನಿಗೆ ಅದೂ ದುಬಾರಿ. ಅದಕ್ಕೆ ಬಾಟಮ್ಲಿ ಒಂದು ಉಪಾಯ ಹೂಡಿದ. ಒಬ್ಬೊಬ್ಬರೂ ತನ್ನ ವಿಕ್ಟರಿ ಬಾಂಡ್ ಕ್ಲಬ್ಬಿಗೆ 1 ಪೌಂಡು ಕಳಿಸಬೇಕು. ಆ ಹಣದಿಂದ ಕ್ಲಬ್ಬು ಸರ್ಕಾರಿ ಬಾಂಡು ಕೊಳ್ಳುತ್ತದೆ. ಬರುವ ಬಡ್ಡಿಯನ್ನು ಹಂಚದೆ ಒಟ್ಟುಗೂಡಿಸಿ ವರ್ಷಕ್ಕೊಮ್ಮೆ ಚೀಟಿ ಎತ್ತಿ 20,000 ಪೌಂಡುಗಳವರೆಗೆ ಬಹುಮಾನ ಕೊಡಲಾಗುತ್ತದೆ. ಅಸಲು ಮಾತ್ರ ಕೇಳಿದಾಗ ಪೂರ್ತಿ ವಾಪಸು. ನಮ್ಮ ಓಣಿಗಳಲ್ಲಿ ಹೆಣ್ಣುಮಕ್ಕಳು ನಡೆಸುವ ಭಿಶಿಗೆ, ಅಂದರೆ ಚೀಟಿ ವ್ಯವಹಾರಕ್ಕೆ, ದೇಶಭಕ್ತಿಯ ಝಂಡಾ ಕಟ್ಟಿದಂತಿತ್ತು ಅದು. ಭಾರತದಲ್ಲಿ ಈಗ ಇಂಥ ಯೋಜನೆಯನ್ನು ಯಾರಾದರೂ ತೆರೆದರೆ 1978ರ ಪ್ರೈಜ್ ಚಿಟ್ ನಿಷೇಧ ಕಾಯ್ದೆಯಡಿ ನೇರವಾಗಿ ಸಿಕ್ಕಿಬೀಳುತ್ತಾರೆ. ಆ ಕಾಯ್ದೆಯ ವ್ಯಾಖ್ಯೆಯನ್ನು ಓದಿದರೆ ಬಾಟಮ್ಲಿಯನ್ನು ಎದುರಿಗೆ ಕೂರಿಸಿಕೊಂಡು ಬರೆದಂತಿದೆ.

ಹಣ ಬಂತು, ಬಂದ ರಭಸಕ್ಕೆ ಅವನೇ ಸಿದ್ಧನಿರಲಿಲ್ಲ. ಒಂದು ಹಂತದಲ್ಲಿ ದಿನಕ್ಕೆ ಲಕ್ಷ ಪೌಂಡಿನವರೆಗೂ ಬಂದಿತೆನ್ನುತ್ತಾರೆ. ಲಕೋಟೆ ಒಡೆದು, ನೋಟು ತೆಗೆದು, ಹೆಸರು ವಿಳಾಸ ಬರೆದುಕೊಂಡು, ರಸೀದಿ ಕಳಿಸುವ ಕೆಲಸಕ್ಕೆ ಸಿಕ್ಕಸಿಕ್ಕವರನ್ನು ಕೂರಿಸಿದರು. ಯಾರು ಎಷ್ಟು ಕಟ್ಟಿದರು ಎಂಬುದು ಎಷ್ಟೋ ಸಂದರ್ಭಗಳಲ್ಲಿ ಎಲ್ಲಿಯೂ ದಾಖಲಾಗಲೇ ಇಲ್ಲ. ಇಲ್ಲಿ ಒಂದು ಮಾತು ಹೇಳಬೇಕು. ಲೆಕ್ಕದ ಪುಸ್ತಕ ಸರಿಯಿಲ್ಲದ ಸಂಘವನ್ನು ಕಂಡಾಗ ಹೊರಗಿನವರು ಅದನ್ನು ಅವ್ಯವಸ್ಥೆ ಎನ್ನುತ್ತಾರೆ, ಪಾಪ ಬರೆಯಲು ಜನ ಸಾಲದಾಯಿತು ಎನ್ನುತ್ತಾರೆ. ನಾನು ಹಾಗೆ ಎನ್ನಲಾರೆ. ಎಂಟು ದಿನಕ್ಕೊಮ್ಮೆ ನಗದು ಶಿಲ್ಕನ್ನು, ಅಂದರೆ ಕೈಯಲ್ಲುಳಿದ ರೊಕ್ಕವನ್ನು, ಕಿರ್ದಿಯೊಡನೆ ತಾಳೆ ನೋಡದ ಕಚೇರಿಯಲ್ಲಿ, ತಾಳೆ ಆಗಬಾರದೆಂದು ಬಯಸುವವರು ಒಬ್ಬರಾದರೂ ಇರುತ್ತಾರೆ. ಅರ್ಧ ಮಿಲಿಯನ್ ಪೌಂಡಿನ ಸುತ್ತಮುತ್ತ ಸಂಗ್ರಹವಾದ ಆ ಹಣದಲ್ಲಿ ಒಂದು ಭಾಗ ಬಾಂಡಿಗೆ ಹೋಯಿತು, ಒಂದು ಭಾಗ ಕೇಳಿಬಂದವರಿಗೆ ಮರಳಿತು, ಉಳಿದದ್ದು ಅವನ ಹಳೆಯ ಸಾಲಗಳಿಗೆ, ಸುಖದ ಖರ್ಚಿಗೆ ಮತ್ತು ನಷ್ಟದಲ್ಲೇ ನಡೆದ ಎರಡು ಪತ್ರಿಕೆಗಳ ಖರೀದಿಗೆ ಸೋರಿಹೋಯಿತು.

ಇಷ್ಟಾದರೂ ಅವನನ್ನು ಹಿಡಿದವರು ಠೇವಣಿದಾರರಲ್ಲ. ತಲೆಗೆ ಒಂದು ಪೌಂಡು ಕಳೆದುಕೊಂಡವನು ವಕೀಲನ ಮನೆಗೆ ಹೋಗುವುದಿಲ್ಲ, ಹೋದರೆ ವಕೀಲನ ಫೀಯೇ ಅದಕ್ಕಿಂತ ಹೆಚ್ಚು. ಸರ್ಕಾರವೂ ತಾನಾಗಿ ಕೈಹಾಕಲಿಲ್ಲ. ಹಿಡಿದುಕೊಟ್ಟವನು ಬರ್ಮಿಂಗ್‌ಹ್ಯಾಮಿನ ಮುದ್ರಕ ರೂಬೆನ್ ಬಿಗ್ಲಂಡ್, ಬಾಟಮ್ಲಿಯ ಹಳೆಯ ಜೊತೆಗಾರ. ಅವರಿಬ್ಬರೂ ಮುರಿದುಕೊಂಡ ಕಾರಣ ಕೇಳಿದರೆ ನಗು ಬರುತ್ತದೆ. ನೀರನ್ನು ಪೆಟ್ರೋಲ್ ಮಾಡುತ್ತೇನೆಂದು ಹೇಳಿಕೊಂಡ ಒಬ್ಬ ಸಂಶೋಧಕನಿಗೆ ಹಣ ಹಾಕೆಂದು ಬಿಗ್ಲಂಡ್ ಕೇಳಿದ, ಬಾಟಮ್ಲಿ ಒಲ್ಲೆನೆಂದ. ಬಾಟಮ್ಲಿ ತನ್ನ ಜೀವನದಲ್ಲಿ ತೆಗೆದುಕೊಂಡ ಅತ್ಯಂತ ವಿವೇಕದ ಹಣಕಾಸು ತೀರ್ಮಾನ ಅದು. ಅದೇ ಅವನನ್ನು ಮುಳುಗಿಸಿತು. ಸಿಟ್ಟಿಗೆದ್ದ ಬಿಗ್ಲಂಡ್ 1921ರಲ್ಲಿ ಕ್ಲಬ್ಬಿನ ಬಂಡವಾಳ ಬಯಲಿಗೆಳೆಯುವ ಕರಪತ್ರವನ್ನು ಅಚ್ಚು ಹಾಕಿಸಿ ಬೀದಿಯಲ್ಲಿ ಮಾರಿಸಿದ. ಸುಮ್ಮನಿರಬೇಕಾಗಿದ್ದ ಬಾಟಮ್ಲಿ ಮಾನನಷ್ಟದ ಕೇಸು ಹಾಕಿದ. ಮೂವತ್ತು ವರ್ಷಗಳಿಂದ ಕೋರ್ಟು ಅವನಿಗೆ ತವರುಮನೆಯಾಗಿತ್ತಲ್ಲ. ಆ ಕೇಸು ಮುರಿದುಬಿತ್ತು, ಅದರ ಬೆನ್ನಿಗೇ ಹಣ ದುರುಪಯೋಗದ ಆರೋಪದ ಮೇಲೆ ಅವನೇ ಕಟಕಟೆಯಲ್ಲಿ ನಿಲ್ಲಬೇಕಾಯಿತು. ನಾನು ಕಂಡ ಸಂಘಗಳಲ್ಲಿಯೂ ದೊಡ್ಡ ಅಫರಾತಫರಿ ಹೊರಬಿದ್ದದ್ದು ಹೆಚ್ಚಾಗಿ ನಿರ್ದೇಶಕರ ನಡುವೆ ಮನಸ್ತಾಪ ಬಂದ ಮೇಲೆಯೇ. ನಿಬಂಧಕರ ಕಚೇರಿಗೆ ಬರುವ ನಿನಾಮಿ ಅರ್ಜಿಗಳನ್ನು ಓದಿದರೆ ಬರೆದವನು ಒಳಗಿನವನೆಂದು ಎರಡನೆಯ ಸಾಲಿಗೇ ತಿಳಿಯುತ್ತದೆ, ಏಕೆಂದರೆ ವೋಚರ್ ನಂಬರು ಸಮೇತ ಬರೆದಿರುತ್ತಾನೆ. ನಮ್ಮಂಥ ತಪಾಸಕರಿಗೆ ಇದು ಹೆಮ್ಮೆಯ ಮಾತಲ್ಲ.

1922ರ ಮೇ ತಿಂಗಳಲ್ಲಿ ಲಂಡನ್ನಿನ ಕ್ರಿಮಿನಲ್ ನ್ಯಾಯಾಲಯವಾದ ಓಲ್ಡ್ ಬೇಲಿಯಲ್ಲಿ ವಿಚಾರಣೆ ನಡೆಯಿತು. ನ್ಯಾಯಮೂರ್ತಿ ಸಾಲ್ಟರ್, ಸರ್ಕಾರದ ಪರ ಟ್ರಾವರ್ಸ್ ಹಂಫ್ರೀಸ್, ಎದುರಿಗೆ ಎಂದಿನಂತೆ ತಾನೇ ವಾದಿಸುವ ಬಾಟಮ್ಲಿ. ಆದರೆ 1893ರ ಮನುಷ್ಯ ಉಳಿದಿರಲಿಲ್ಲ. ನಡುವೆ ಕಾಲು ತಾಸು ಬಿಡುವು ಪಡೆದು, ಔಷಧವೆಂಬ ಹೆಸರಿನಲ್ಲಿ ಷಾಂಪೇನು ಕುಡಿದರೆ ಮಾತ್ರ ನಿಲ್ಲಲು ಶಕ್ತಿ ಬರುತ್ತಿತ್ತು, ಅದಕ್ಕೆ ಎದುರು ಪಕ್ಷದವರೂ ಒಪ್ಪಿದ್ದರು. ಠೇವಣಿದಾರರಿಗೆ ಮರಳಿಸಿದ ಹಣವೂ ತನ್ನ ಖರ್ಚೂ ಸೇರಿದರೆ ಬಂದದ್ದಕ್ಕಿಂತ 50,000 ಪೌಂಡಿನಷ್ಟು ತಾನೇ ಹೆಚ್ಚು ಕಳೆದುಕೊಂಡಿದ್ದೇನೆ ಎಂಬುದು ಅವನ ವಾದ. ಅದನ್ನು ತೋರಿಸುವ ಪುಸ್ತಕ ಅವನಲ್ಲಿರಲಿಲ್ಲ. ಹಿಂದೆ ಅವನನ್ನು ಉಳಿಸಿದ್ದ ಆ ಇಲ್ಲದ ಪುಸ್ತಕಗಳೇ ಈಗ ತಿರುಗಿಬಿದ್ದವು, ಏಕೆಂದರೆ ಇತರರ ಹಣವನ್ನು ವಿಶ್ವಾಸದ ಮೇಲೆ ಇಟ್ಟುಕೊಂಡವನೇ ಲೆಕ್ಕ ಒಪ್ಪಿಸಬೇಕು. ತನ್ನನ್ನು ತಪ್ಪಿತಸ್ಥನೆಂದರೆ ನ್ಯಾಯಾಧೀಶರ ತಲೆಯ ಮೇಲೆ ಗೋಡೆಯಲ್ಲಿರುವ ನ್ಯಾಯದ ಖಡ್ಗ ಒರೆಯಿಂದ ಕಳಚಿ ಬೀಳುತ್ತದೆ ಎಂದು ಅವನು ಜ್ಯೂರಿಗೆ ಹೇಳಿದ. ಜ್ಯೂರಿಯವರು 28 ನಿಮಿಷ ತೆಗೆದುಕೊಂಡು, 24 ಆರೋಪಗಳಲ್ಲಿ 23ನ್ನು ಎತ್ತಿಹಿಡಿದರು. ಖಡ್ಗ ಬೀಳಲಿಲ್ಲ. ಶಿಕ್ಷೆ ವಿಧಿಸುವಾಗ ಸಾಲ್ಟರ್, ಮೋಸಹೋದವರ ಸಂಖ್ಯೆ, ಅವರ ಬಡತನ, ಅವರು ಇಟ್ಟಿದ್ದ ನಂಬಿಕೆ ಈ ಮೂರೂ ಅಪರಾಧವನ್ನು ಹೆಚ್ಚಿಸುತ್ತವೆ ಎಂಬರ್ಥದ ಮಾತು ಹೇಳಿದರು. ಮೇ 29ರಂದು ಏಳು ವರ್ಷಗಳ ಶಿಕ್ಷೆ, ಆಗಸ್ಟ್ 1ರಂದು ಸದನದಿಂದ ಉಚ್ಚಾಟನೆ.

ಜೈಲಿನಲ್ಲಿ ಅಂಚೆ ಚೀಲ ಹೊಲಿಯುತ್ತಿದ್ದಾಗ ಭೇಟಿಗೆ ಬಂದವರೊಬ್ಬರು 'ಹೊಲಿಯುತ್ತಿದ್ದೀರಾ' ಎಂದು ಕೇಳಿದ್ದಕ್ಕೆ 'ಇಲ್ಲ, ಬಿತ್ತಿದ್ದನ್ನು ಕೊಯ್ಯುತ್ತಿದ್ದೇನೆ' ಎಂದನಂತೆ. ಇಂಗ್ಲಿಷಿನಲ್ಲಿ ಹೊಲಿಯುವುದೂ ಬಿತ್ತುವುದೂ ಒಂದೇ ಉಚ್ಚಾರ. ಅವನ ಬಗ್ಗೆ ಏನೂ ತಿಳಿಯದವರಿಗೂ ಈ ಚಟಾಕಿ ಗೊತ್ತಿರುತ್ತದೆ. ಒಂದು ಪೌಂಡು ಕಳಿಸಿ ರಸೀದಿಯನ್ನೂ ಕಾಣದೆ ಹೋದವರಲ್ಲಿ ಒಬ್ಬರ ಹೆಸರನ್ನೂ ನಾನು ಎಲ್ಲಿಯೂ ಓದಿಲ್ಲ.

1927ರ ಜುಲೈನಲ್ಲಿ ಬಿಡುಗಡೆಯಾಗಿ ಬಂದವನು 'ಜಾನ್ ಬ್ಲಂಟ್' ಎಂಬ ಹೊಸ ಪತ್ರಿಕೆ ಹೊರಡಿಸಿದ, ಅದು ಬೇಗನೆ ನಿಂತುಹೋಯಿತು. ಇನ್ನೊಮ್ಮೆ ದಿವಾಳಿಯಾದ, ಡಿಕರಿನ ಬಂಗಲೆ ಕೈಬಿಟ್ಟಿತು. ಅಲ್ಲಿ ಈಗ ಒಂದು ಶಾಲೆಯಿದೆ. ಹಳೆಯ ಗೆಳತಿ, ನಟಿ ಪೆಗ್ಗಿ ಪ್ರಿಮ್‌ರೋಸ್ ಕೊನೆಯವರೆಗೂ ನೋಡಿಕೊಂಡಳು. 1932ರಲ್ಲಿ ಲಂಡನ್ನಿನ ವಿಂಡ್‌ಮಿಲ್ ಥಿಯೇಟರಿನಲ್ಲಿ, ಬೇರೆ ಬೇರೆ ಮನರಂಜನೆಯ ಆಟಗಳ ನಡುವೆ ನಿಂತು ತನ್ನ ಜೀವನದ ನೆನಪುಗಳನ್ನು ಹೇಳತೊಡಗಿದ. ಬಂದವರಲ್ಲಿ ಅನೇಕರಿಗೆ ಈ ಮುದುಕ ಯಾರೆಂಬುದೇ ತಿಳಿಯಲಿಲ್ಲ. ಕೆಲವೇ ದಿನಗಳಲ್ಲಿ ಕುಸಿದು ಬಿದ್ದ; 1933ರ ಮೇ 26ರಂದು ಆಸ್ಪತ್ರೆಯಲ್ಲಿ ತೀರಿಕೊಂಡ.

ಅವನ ಕ್ಲಬ್ಬಿನ ಯೋಜನೆ ಮಾತ್ರ ಸಾಯಲಿಲ್ಲ. 1956ರಲ್ಲಿ ಬ್ರಿಟಿಷ್ ಸರ್ಕಾರವೇ ಪ್ರೀಮಿಯಂ ಬಾಂಡ್ ಎಂಬ ಹೆಸರಿನಲ್ಲಿ ಅದೇ ಬಗೆಯ ಯೋಜನೆಯನ್ನು ತಂದಿತು: ಒಂದು ಪೌಂಡಿನ ಬಾಂಡು, ಬಡ್ಡಿಯ ಬದಲು ಚೀಟಿ ಎತ್ತಿ ಬಹುಮಾನ, ಅಸಲು ಕೇಳಿದಾಗ ವಾಪಸು. ಅದು ಇಂದಿಗೂ ನಡೆಯುತ್ತಿದೆ. ಉಪಾಯದಲ್ಲಿ ದೋಷವಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮಲ್ಲಿಯ ಪರಿಸ್ಥಿತಿಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಈ ಪ್ರಶ್ನೆಯನ್ನು ಕೇಳುವವರು ಬಹಳ: ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿಯೂ, ಒಬ್ಬ ಠೇವಣಿದಾರನ 5 ಲಕ್ಷ ರೂಪಾಯಿಗಳವರೆಗಿನ ಹಣಕ್ಕೆ ವಿಮೆಯ ರಕ್ಷಣೆಯಿದೆ, ಪತ್ತಿನ ಸಹಕಾರಿ ಸಂಘಗಳಲ್ಲಿಟ್ಟ ಠೇವಣಿಗೆ ಆ ವಿಮೆ ಇಲ್ಲ. ಸರ್ವಸಾಧಾರಣ ಸಭೆಗೆ ಮುಂಚೆ ಕೈಗೆ ಬರುವ ವಾರ್ಷಿಕ ವರದಿಯಲ್ಲಿ ಚೇರ್ಮನ್ನರ ಫೋಟೋ ದಾಟಿ, ಹಿಂದಿನ ಪುಟಗಳಲ್ಲಿ ಲೆಕ್ಕ ತಪಾಸಕರು ಕೊಟ್ಟ ವರ್ಗೀಕರಣ ಯಾವುದು, ಸುಸ್ತಿ ಎಷ್ಟು ಎಂಬ ಎರಡು ಸಾಲುಗಳಿರುತ್ತವೆ. ಆ ಎರಡು ಸಾಲನ್ನು ಓದಿಕೊಂಡು ಬಂದು ಸಭೆಯಲ್ಲಿ ಎದ್ದುನಿಂತು ಕೇಳಿದ ಸದಸ್ಯರು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಹೆಚ್ಚಿನವರು ಊಟದ ವೇಳೆಗೆ ಬರುತ್ತಾರೆ.